ನೋವಿಲ್ಲದೆ ಬಂದವರು

ಹಲ್ಲಿನ ಡಾಕ್ಟರಮ್ಮ ಕ್ಲಿನಿಕ್ಕಿನ ಬೋರ್ಡು ಕಳಚಿ ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದಾಗ ಪೇಂಟರೊಬ್ಬ ಹೆಂಡತಿ, ಮಗಳೊಂದಿಗೆ ಬಾಗಿಲಲ್ಲಿ ಬಂದು ನಿಂತ. ಅಂಗಿಗೆ ಇಸ್ತ್ರಿಯಾಗಿತ್ತು, ಉಗುರಿನ ಸಂದಿಯಲ್ಲಿ ಮಾತ್ರ ಯಾರದೋ ಮನೆಯ ನೀಲಿ ಬಣ್ಣ.

“ಕ್ಲಿನಿಕ್ ಮುಚ್ತಿದ್ದೀನಪ್ಪ. ಯಾರಿಗೆ ನೋವು? ಕೀಳೋದಾದ್ರೆ ಬೇಗ ಕಿತ್ತು ಕಳಿಸ್ತೀನಿ.”

“ಯಾರಿಗೂ ನೋವಿಲ್ಲ ಡಾಕ್ಟ್ರೇ. ನೋಯೋಕೆ ಮುಂಚೆ ಒಂದ್ಸಲ ತೋರಿಸೋಣ ಅಂತ ಬಂದ್ವಿ.”

ಡಾಕ್ಟರಮ್ಮನ ಕೈ ನಿಂತಿತು. ಈ ಊರಿನಲ್ಲಿ ಅವರ ಬಳಿಗೆ ಬಂದವರೆಲ್ಲ ಕೆನ್ನೆ ಊದಿಸಿಕೊಂಡು, ನಿದ್ದೆಗೆಟ್ಟು ಓಡಿಬಂದವರೇ. ಹಲ್ಲು ಉಳಿಸುವ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು. ಉಳಿಸುವುದನ್ನು ಓದಿಬಂದ ಡಾಕ್ಟರಮ್ಮನಿಗೆ ಕೀಳುವುದೇ ಕೆಲಸವಾಗಿ, ಬೇಸತ್ತು, ದೂರದ ದೊಡ್ಡ ಆಸ್ಪತ್ರೆಯೊಂದಕ್ಕೆ ಬರುತ್ತೇನೆಂದು ಒಪ್ಪಿಕೊಂಡಿದ್ದರು.

“ಇದೇನು ಇದ್ದಕ್ಕಿದ್ದ ಹಾಗೆ?”

ಪೇಂಟರ್ ತಲೆ ಕೆರೆದುಕೊಂಡ. “ಹೊಸ ಬಡಾವಣೆ ಎದ್ದ ಮೇಲೆ ಕೈತುಂಬ ಕೆಲಸ. ಇವಳೂ ಹೊಲಿಗೆ ಅಂಗಡಿ ಹಾಕಿದ್ದಾಳೆ. ಖರ್ಚೆಲ್ಲ ಕಳೆದು ಒಂಚೂರು ಉಳಿಯೋಕೆ ಶುರುವಾಗಿದೆ. ನಾನು ದೊಡ್ಡ ಟಿವಿ ಅಂದೆ, ಇವಳು ಹಲ್ಲು ಅಂದ್ಲು.”

“ಮತ್ತಿನ್ನೇನು!” ಎಂದಳು ಹೆಂಡತಿ. “ಕಂಡವರ ಗೋಡೆ ಬಿರುಕು ಬಿಟ್ರೆ ಇವರು ಮಳೆಗೆ ಮುಂಚೆ ಓಡಿಹೋಗಿ ಮುಚ್ತಾರೆ. ಮನೆಯವರ ಬಾಯಿ ಏನು ಪಾಪ ಮಾಡಿತ್ತು, ನೀವೇ ಹೇಳಿ.”

ಡಾಕ್ಟರಮ್ಮ ನಕ್ಕುಬಿಟ್ಟರು. ಕುರ್ಚಿಗೆ ಹೊದಿಸಿದ್ದ ಹಾಳೆಯನ್ನು ಎಳೆದರು. ಮಗಳ ದವಡೆ ಹಲ್ಲಿನಲ್ಲಿ ಸಾಸಿವೆಯಷ್ಟು ಹುಳುಕು ಸಿಕ್ಕಿತು; ಹುಡುಗಿಗೆ ಗೊತ್ತೇ ಆಗದಂತೆ ತುಂಬಿದರು. ಮರುದಿನ ಪೇಂಟರನ ಪಕ್ಕದ ಮನೆಯ ಶಾಲಾ ವ್ಯಾನಿನ ಡ್ರೈವರ್ ಬಂದ, ಅವನ ಹಿಂದೆಯೇ ಬೇಕರಿಯವನ ಇಡೀ ಸಂಸಾರ. ಯಾರಿಗೂ ನೋವಿರಲಿಲ್ಲ. ಡಾಕ್ಟರಮ್ಮ ಆಸ್ಪತ್ರೆಗೆ ಫೋನ್ ಮಾಡಿ, ತಾವು ಬರುವುದಿಲ್ಲವೆಂದರು.

ವರ್ಷ ತಿರುಗುವಷ್ಟರಲ್ಲಿ ಕ್ಲಿನಿಕ್ಕಿಗೆ ಇಬ್ಬರು ನರ್ಸುಗಳು ಸೇರಿದರು. ಪಕ್ಕದ ಮಳಿಗೆಗೆ ಕಟ್ಟುಹಲ್ಲು ಮಾಡುವವನು ಬಂದ, ಎದುರಿಗೆ ಕನ್ನಡಕದಂಗಡಿ. ನಾಯಿಗಳು ನಡುರಸ್ತೆಯಲ್ಲಿ ಮಲಗುತ್ತಿದ್ದ ಆ ಬೀದಿಯಲ್ಲಿ ಈಗ ಸಂಜೆ ಸ್ಕೂಟರ್ ನಿಲ್ಲಿಸಲು ಜಾಗ ಹುಡುಕಬೇಕು.

ಮೊನ್ನೆ ಪೇಂಟರ್ ತನ್ನ ತಾಯಿಯನ್ನು ಕರೆತಂದ. ಮುದುಕಿಯ ಬಾಯಲ್ಲಿ ಉಳಿದದ್ದು ಎರಡೇ ಹಲ್ಲು. ಪೂರ್ತಿ ಸೆಟ್ಟೇ ಬೇಕೆಂದು ಹಟ.

“ಗಟ್ಟಿ ಪದಾರ್ಥ ತಿನ್ನೋ ಆಸೆನಾ ಅಜ್ಜಿ?”

“ತಿನ್ನೋಕೆ ಒಸಡೇ ಸಾಕು ತಾಯಿ,” ಎಂದಳು ಅಜ್ಜಿ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ. “ನಮ್ಮನೇಲಿ ಈಗ ದಿನಾ ನಗೋ ಹಾಗಾಗಿದೆ. ಅದಕ್ಕೆ ಬೇಕು.”