ಹಿಮದಲ್ಲಿ ಮಗಳ ಬಿಡಾರ

"ಬಾಗಿಲು ತೆಗಿ ಬೊಜೆನಾ, ಮನೆಗೆ ಹೋಗೋಣ," ಎಂದು ವೆಂಡೆಲಿನ್ ಟ್ರೈಲರಿನ ಗೋಡೆಗೆ ಗುದ್ದಿದ. ಮದುವೆಯಾದ ವಾರಕ್ಕೇ ಅಳಿಯ ಮಾತುಷ್ ಈ ಗಾಲಿಮನೆಯನ್ನು ಕಾರಿಗೆ ಕಟ್ಟಿ ಎಳೆತಂದು, ತಾತ್ರಾ ಬೆಟ್ಟದ ಹಿಮದಲ್ಲಿ ಮಗಳೊಂದಿಗೆ ಬಿಡಾರ ಹೂಡಿದ್ದು ಅವನಿಗೆ ಸಹಿಸಲಾಗಿರಲಿಲ್ಲ.

"ಹಿಮ ಕಚ್ಕೊಂಡು ಬಾಗಿಲು ಕದಲ್ತಾನೇ ಇಲ್ಲಪ್ಪ," ಎಂದು ಮಗಳು ಒಳಗಿನಿಂದ ನಗುತ್ತ ಕೂಗಿದಳು.

"ನಾನು ತಳ್ತೀನಿ, ನೀವು ಎಳೀರಿ ಮಾವ," ಎಂದ ಒಳಗಿನಿಂದಲೇ ಅಳಿಯ.

"ನೀನು ಸುಮ್ನಿರಯ್ಯ. ನಿನ್ನ ತಳ್ಳುಗಾಡೀಲಿ ನನ್ನ ಮಗಳು ಮರಗಟ್ಟಿ ಹೋಗಿರ್ತಾಳೆ."

ವೆಂಡೆಲಿನ್ ದಾರಿಗೆಂದು ತಂದಿದ್ದ ಬಿಸಿ ಚಹಾವನ್ನೆಲ್ಲ ಬಾಗಿಲಿನ ಸಂದಿಗೆ ಸುರಿದು, ಹಿಡಿಯನ್ನು ಎರಡೂ ಕೈಯಿಂದ ಜಗ್ಗಿದ. ಮಂಜುಗಡ್ಡೆ ಚಟಚಟನೆ ಬಿರಿದು ಬಾಗಿಲು ತೆರೆಯಿತು. ಒಲೆಯ ಕಾವೂ ಹುಳಿ ಬರಿಸಿದ ಎಲೆಕೋಸಿನ ಸಾರಿನ ಘಮವೂ ಒಟ್ಟಿಗೆ ಮುಖಕ್ಕೆ ಬಡಿದು ಅವನ ಕನ್ನಡಕ ಪೂರ್ತಿ ಮಸುಕಾಯಿತು. ಕಣ್ಣು ಕಾಣದೆ ನಿಂತವನ ಕನ್ನಡಕವನ್ನು ಬೊಜೆನಾ ತೆಗೆದು, ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ಹಾಕಿದಳು. ಅವಳು ತೆಳು ಅಂಗಿಯಲ್ಲಿ, ಬರಿಗಾಲಲ್ಲಿ ನಿಂತಿದ್ದಳು. ಸೆಕೆಗೆ ಹಣೆ ಬೆವರಿತ್ತು.

ಅವನು ಆ ಬರಿಗಾಲುಗಳನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಬೂಟು ಕಳಚಿ ಒಳಗೆ ಹತ್ತಿ, ಒಲೆಯ ಪಕ್ಕ ಕುಳಿತು, "ಬಾಗಿಲು ಹಾಕಯ್ಯ ಮಾತುಷ್," ಎಂದ, "ಬಿಸಿಯೆಲ್ಲ ಹೊರಗೆ ಹೋಗ್ತಿದೆ."