ಎಂಟು ಕೈಯ ತಾಯಿ

"ಮೊದಲ ಒಂದ್ ರೊಟ್ಟಿ ತಿನ್ನು, ಆಮ್ಯಾಲ ಮಾತಾಡೂಣು," ಎಂದು ಹುಲಗಪ್ಪ ಬುತ್ತಿ ಬಿಚ್ಚಿ ಹೆಂಡತಿಯ ಮುಂದಿಟ್ಟ.

ಯಾದಗಿರಿಯ ಆಸ್ಪತ್ರೆಯಲ್ಲಿ, ಎಳೆಗೂಸುಗಳನ್ನಿಡುವ ಗಾಜಿನ ಕೋಣೆಯ ಹೊರಗೆ ಕರೆಮ್ಮ ಬೆಂಚಿನ ಮೇಲೆ ಕೂತಿದ್ದಳು. ಏಳು ತಿಂಗಳಿಗೇ ಹುಟ್ಟಿದ ಅವಳ ಕೂಸು ಬೆಳಗಿನ ಜಾವ ತೀರಿಕೊಂಡಿತ್ತು. ತಮ್ಮೂರು ಸಗರದಿಂದ ಬುತ್ತಿ ಹಿಡಿದು ಬಂದ ಹುಲಗಪ್ಪನನ್ನು ಡಾಕ್ಟರು ಬಾಗಿಲಲ್ಲೇ ನಿಲ್ಲಿಸಿ ಹೇಳಿದ್ದರು. ಹೆಂಡತಿಗೆ ತಾನೇ ಹೇಳುತ್ತೇನೆಂದು ಅವನು ಒಪ್ಪಿಕೊಂಡು ಬಂದಿದ್ದ. ಆದರೆ ಸುದ್ದಿ ಕೇಳಿದ ಮೇಲೆ ಮಣ್ಣು ಮಾಡುವ ತನಕ ಮನೆಯವರು ಊಟ ಮುಟ್ಟುವಂತಿಲ್ಲ. ಅವಳೋ ಹಸಿ ಬಾಣಂತಿ. ಹೊಟ್ಟೆಗೆ ಒಂದಿಷ್ಟು ಬೀಳಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಿದ್ದ, ಬಡಪಾಯಿ.

ಕರೆಮ್ಮನ ಕಣ್ಣು ಗೋಡೆಯ ಟಿ.ವಿ. ಮೇಲಿತ್ತು. ಎಲ್ಲಿಯದೋ ತಣ್ಣನೆಯ ಸಮುದ್ರ. ಅದರ ತಳದಲ್ಲಿ, ಬಂಡೆಯ ಪೊಟರೆಯೊಳಗೆ, ಕೆಂಪು ಬಣ್ಣದ ಭಾರಿ ಆಕ್ಟೋಪಸ್ಸೊಂದು ಮುದುಡಿ ಕೂತಿತ್ತು. ಎಂಟೂ ಕೈ ಚಾಚಿದರೆ ಎತ್ತಿನ ಬಂಡಿಗಿಂತ ಉದ್ದವಂತೆ. ಅದರ ತಲೆಯ ಮೇಲೆ ಸಾವಿರಾರು ತತ್ತಿಗಳು ಗೊಂಚಲು ಗೊಂಚಲಾಗಿ ತೂಗುತ್ತಿದ್ದವು.

"ನಮ್ಮ ಕಾಲುವಿ ಹೊಲದಾಗಿನ ಭತ್ತದ ತೆನಿ ಇದ್ದಂಗ ಅದಾವ ನೋಡ್ರಿ," ಎಂದಳು. "ನೀರು ಊದಿ ಊದಿ ಅವನ್ನ ತೊಳಿಯಾಕತ್ತೈತಿ. ಹಗಲಿಲ್ಲ, ರಾತ್ರಿಲ್ಲ."

"ಅದಿರ್ಲಿ. ಸಬ್ಬಸಗಿ ಪಲ್ಯ ಐತಿ. ಅವ್ವ ನಸುಕಿನ್ಯಾಗ ಎದ್ದು ಮಾಡ್ಯಾಳ."

ಟಿ.ವಿ.ಯಲ್ಲಿ ಏಡಿಯೊಂದು ಪೊಟರೆಯ ಬಾಯಿಗೇ ಬಂತು. ಆಕ್ಟೋಪಸ್ಸಿಗೆ ಏಡಿಯೆಂದರೆ ಪ್ರಾಣವಂತೆ. ಆದರೂ ಅದು ಮುಟ್ಟಲಿಲ್ಲ. ಮರಿಗಳು ಹೊರಬೀಳುವವರೆಗೆ ತಿಂಗಳುಗಟ್ಟಲೆ ಈ ತಾಯಿ ಏನನ್ನೂ ತಿನ್ನುವುದಿಲ್ಲ, ಮರಿಗಳು ಹೋದ ಮೇಲೆ ತಾನೂ ಸಾಯುತ್ತದೆ ಎಂದು ಟಿ.ವಿ.ಯ ದನಿ ಹೇಳಿತು. ಹುಲಗಪ್ಪ ಎದ್ದು ಹೋಗಿ ಟಿ.ವಿ. ಬಂದ್ ಮಾಡಿದ.

"ಯಾಕ ಬಂದ್ ಮಾಡಿದ್ರಿ? ಮರಿ ಈಜಿಕೋತ ಹೋಗೋದು ನೋಡ್ಬೇಕಂತಿದ್ದೆ."

"ಏನೇನರ ತೋರಿಸ್ತಾರ ಅವ್ರು. ನೀ ಉಣ್ಣ ಮೊದಲ."

ರೊಟ್ಟಿ ಮುರಿದು, ಪಲ್ಯ ಹಚ್ಚಿ, ತಾನೇ ಅವಳ ಬಾಯಿಯ ಹತ್ತಿರ ಒಯ್ದ. ಮದುವೆಯ ದಿನ ಬಿಟ್ಟರೆ ಅವನು ಹೆಂಡತಿಗೆ ತುತ್ತು ಕೊಟ್ಟವನಲ್ಲ.

ಕರೆಮ್ಮ ಆ ಕೈ ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

"ದಿನಾ ಎರಡು ತಾಸಿಗೊಮ್ಮಿ ಸಿಸ್ಟರ್ ಬಟ್ಟಲ ಹಿಡ್ಕೊಂಡು, ಕೂಸಿಗಿ ಹಾಲು ಹಿಂಡಿ ಕೊಡು ಅಂತ ಬರ್ತಿದ್ರು," ಎಂದಳು. "ಇವತ್ತ ಮುಂಜಾನಿಂದ ಯಾರೂ ಹಾಲು ಕೇಳಾಕ ಬಂದಿಲ್ರಿ."