ಹೊಂಬಾಳಮ್ಮನ ಒಣ ಅಂಗಳ

ಹೊಸ ರಸ್ತೆಯ ಉದ್ದಕ್ಕೂ ನೀರು ಬಿದ್ದಿತ್ತು; ಹೊಂಬಾಳಮ್ಮನ ಮನೆಯ ಮುಂದೆ ಮಾತ್ರ ಬಿದ್ದಿರಲಿಲ್ಲ. ಪೀಪಾಯಿ ಗಾಡಿಯ ದುರ್ಗಯ್ಯ ಅಲ್ಲಿಗೆ ಬಂದಾಗ ಎತ್ತು ನಿಲ್ಲಿಸಿ, ಕೊಳವೆಗೆ ಬಟ್ಟೆ ತುರುಕಿ, ಅಂಗಳ ದಾಟಿದ ಮೇಲೆ ಅದನ್ನು ಕೀಳುವುದನ್ನು ರಸ್ತೆ ಕೆಲಸದ ಮೇಸ್ತ್ರಿ ತೋಂಟದಾರ್ಯ ಕಣ್ಣಾರೆ ಕಂಡ.

ಜಲ್ಲಿ ಲಾರಿಗಳು ಹೋದಾಗಲೆಲ್ಲ ಆ ಒಂದು ತುಂಡಿನಿಂದ ಕೆಂಪು ಧೂಳು ಎದ್ದು ಇಡೀ ಬೀದಿಗೆ ಕವಿಯುತ್ತಿತ್ತು. ಎದುರು ಮನೆಯ ನಾಗಕ್ಕ ಹೊಂಬಾಳಮ್ಮನ ಓರಗಿತ್ತಿ. ಒಣಹಾಕಿದ ಕೊಬ್ಬರಿಯೆಲ್ಲ ಮಣ್ಣಾಯಿತೆಂದು ಮೇಸ್ತ್ರಿಯ ಹತ್ತಿರ ದಿನವೂ ದೂರುತ್ತಿದ್ದಳು. ತೋಟದ ಪಾಲಿನ ಜಗಳ ಹಳೆಯದು. ತನ್ನ ಕೊಬ್ಬರಿ ಕೆಡಲಿ ಎಂದೇ ಅಕ್ಕ ಹಟ ಹಿಡಿದಿದ್ದಾಳೆ ಎಂಬುದು ಅವಳ ನಂಬಿಕೆ.

ದುರ್ಗಯ್ಯನನ್ನು ಕೇಳಿದರೆ, ಆ ಯಮ್ಮ ಬೇಡ ಅಂದಿದ್ದಾಳೆ ಎಂದಷ್ಟೇ ಹೇಳಿ ಎತ್ತಿನ ಬಾಲ ತಿರುವಿದ.

ಕೊನೆಗೆ ಮೇಸ್ತ್ರಿಯೇ ಹೋದ. ಅಂಗಳದಲ್ಲಿ ಸಾರಿಸಿದ ಗುರುತಿಲ್ಲ, ರಂಗೋಲಿಯಿಲ್ಲ. ಸೋಮಾರಿ ಹೆಂಗಸು ಎಂದುಕೊಂಡ. ಜಗಲಿಯ ಮೇಲೆ ಸೊಸೆ ಚಿಕ್ಕಗೌರಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಅದು ಒಂದೇ ಸಮನೆ ಕೆಮ್ಮುತ್ತಿತ್ತು. ಗಂಡಸರು ಯಾರಿದ್ದಾರೆ ಎಂದು ಕೇಳಿದ. ಗಂಡ ಎತ್ತಪ್ಪ ಕೊಬ್ಬರಿ ಲಾರಿಯ ಜೊತೆ ದೆಹಲಿ ಕಡೆ ಹೋದವನು, ಇನ್ನೂ ಬಂದಿಲ್ಲ, ಕೂಸಿನ ಮುಖವನ್ನೂ ನೋಡಿಲ್ಲ ಎಂದಳು ಸೊಸೆ.

ಮೇಸ್ತ್ರಿ ಅತ್ತೆಯ ಕಡೆ ತಿರುಗಿದ. "ಮಳೆ ಬಂದ್ರೆ ಏನ್ಮಾಡ್ತೀಯಮ್ಮ? ಆಗ್ಲೂ ಅಂಗಳ ನೆನೀತದಲ್ಲ?"

"ಮಳೆ ದ್ಯಾವ್ರು ಹುಯ್ಯೋದು ಕಣಪ್ಪ," ಎಂದಳು ಹೊಂಬಾಳಮ್ಮ. "ನನ್ನ ಕೈಯಾರೆ ನಾನು ಹುಯ್ಯಲ್ಲ. ಇನ್ನೊಬ್ರು ಹುಯ್ಯಕ್ಕೂ ಬುಡಲ್ಲ."

ಅವನಿಗೆ ರೇಗಿತು. "ಧೂಳು ಎದೇಲಿ ಕೂತ್ರೆ ಈ ಕೂಸು ಉಳಿಯಲ್ಲ. ಯಾವ್ದು ಬೇಕು ನಿಂಗೆ, ನಿನ್ನ ಹಟವೋ, ಕೂಸೋ?"

ಹೊಂಬಾಳಮ್ಮ ಕೂಸಿನ ಎದೆಯ ಮೇಲೆ ಅಂಗೈ ಇಟ್ಟು, ಒಳಗೆ ಗೊರಗುಟ್ಟುವುದನ್ನು ಕೇಳುತ್ತ ಕೂತಳು.

ಮಾರನೆಯ ಬೆಳಿಗ್ಗೆ ಅವಳೇ ಗಾಡಿ ತಡೆದು ಬಿಂದಿಗೆಗೆ ನೀರು ಹಿಡಿಸಿಕೊಂಡಳು. ಹೊಸ್ತಿಲಿನಿಂದ ಶುರುಮಾಡಿ ಅಂಗಳದ ಉದ್ದಕ್ಕೂ, ರಸ್ತೆಯವರೆಗೂ ಹುಯ್ಯುತ್ತ ಬಂದಳು. ಧೂಳು ಅಡಗಿತು. ಬಾಯಿಮಾತಿನಲ್ಲೇ ಗೆದ್ದೆನೆಂದು ಮೇಸ್ತ್ರಿ ಬೀಡಿ ಹಚ್ಚಿದ.

ಅಷ್ಟರಲ್ಲಿ ನಾಗಕ್ಕ ತನ್ನ ಕೊಬ್ಬರಿಯನ್ನೇ ತುಳಿದುಕೊಂಡು ಓಡಿಬಂದು ಬಿಂದಿಗೆ ಹಿಡಿದಳು. "ಬ್ಯಾಡ ಕಣಕ್ಕ. ನನ್ನ ಕೊಬ್ಬರಿ ಹಾಳಾಗ್ಲಿ ಬುಡು. ನಿಲ್ಸು."

ಹೊಂಬಾಳಮ್ಮ ಕೈ ಬಿಡಿಸಿಕೊಂಡು ಉಳಿದ ನೀರನ್ನೂ ಹುಯ್ದಳು. ಬಾಗಿಲಲ್ಲಿ ನಿಂತಿದ್ದ ಸೊಸೆಯ ಹಣೆ ಬರಿದಾಗಿತ್ತು.

ನೀರು ಹಾಕಿಸಿ ಎಂದು ದಿನವೂ ಪೀಡಿಸಿದವಳು ನೀನೇ ಅಲ್ಲವೇ ಎಂದು ಮೇಸ್ತ್ರಿ ನಾಗಕ್ಕನನ್ನು ಕೇಳಿದ. ಅವಳು ಸೆರಗು ಬಾಯಿಗೊತ್ತಿಕೊಂಡು, ಒದ್ದೆ ನೆಲ ನೋಡುತ್ತ ಹೇಳಿದಳು:

"ಊರಿಗೆ ಹೋದೋರು ಬರೋಗಂಟ ಬಾಗ್ಲಿಗೆ ನೀರು ಹಾಕಲ್ಲ ಮೇಸ್ತ್ರಿ, ಹೆಣ ಎತ್ತಿದ ಮ್ಯಾಲೇ ಆ ಮನೇಲಿ ಹಾಕೋದು. ಎತ್ತಪ್ಪಂದು ಸುದ್ದಿ ಏನೂ ಬಂದಿಲ್ಲ, ಕೂಸು ಉಳೀಲಿ ಅಂತ ಮಗನ್ನ ಇವತ್ತು ತಾನೇ ಎತ್ತಿಬುಟ್ಲು."